ದೊರೆ ಇಳಿಯದ ಕಲ್ಲು

ಹೋದ ಕಾರ್ತಿಕದಲ್ಲಿ ಪಟ್ಟಣದ ಗಿರಾಕಿಯೊಬ್ಬ ತನ್ನ ಗಾಳವನ್ನು ತನ್ನ ಹೆಬ್ಬೆರಳಿಗೇ ಹಾಕಿಕೊಂಡ. ಮುಗಿಲಗೆರೆಯ ನಡುನೀರಿನಲ್ಲಿ ಇದು ನಡೆಯಿತು. ದೋಣಿ ನಡೆಸುತ್ತಿದ್ದವನು ಅಂಬಿಗರ ಕೇರಿಯ ಪರಸಪ್ಪ. ಅವನು ಗಾಳದ ಮುಳ್ಳು ಮುರಿದು ತೆಗೆದ, ಬೆರಳಿಗೆ ಬಟ್ಟೆ ಕಟ್ಟಿದ, ಮೋಟಾರು ಹಾಕಿದ. ಹೋಟೆಲಿನವರು ಹೊಸದಾಗಿ ಕಟ್ಟಿಸಿದ ಸಿಮೆಂಟಿನ ದೋಣಿಕಟ್ಟೆ ಕೂಗಳತೆಯಲ್ಲಿತ್ತು. ಗಿರಾಕಿಯ ಕಾರು ಅಲ್ಲೇ ನಿಂತಿತ್ತು. ಪರಸಪ್ಪ ಅದನ್ನು ದಾಟಿ ದೋಣಿಯನ್ನು ಕೆರೆಯ ಇನ್ನೊಂದು ತುದಿಯ ಹಾಸುಬಂಡೆಯ ಕಡೆಗೆ ತಿರುಗಿಸಿದ.

"ಏಯ್, ಎಲ್ಲಿಗೆ ಹೋಗ್ತಿದೀಯ? ಇಲ್ಲೇ ಬಿಡಯ್ಯಾ!"

"ಹತ್ತಿದಲ್ಲೇ ಇಳೀಬೇಕು ಸಾರ್."

"ರಕ್ತ ಸೋರ್ತಾ ಇದೆ, ಕಾಣಲ್ವಾ?"

"ಕಲ್ಲು ಬರೋವರೆಗೂ ಸಾಲ್ತದೆ ಸಾರ್. ಆಮೇಲೂ ಮಿಗ್ತದೆ."

ಗಿರಾಕಿ ದೂರು ಕೊಟ್ಟ. ಹೋಟೆಲಿನವರು ಪರಸಪ್ಪನನ್ನು ಕರೆಸಿ ಬೈದರು. ಮರುದಿನವೂ ಅವನು ಇನ್ನೊಬ್ಬ ಗಿರಾಕಿಯನ್ನು ಅದೇ ಕಲ್ಲಿನಲ್ಲಿ ಹತ್ತಿಸಿಕೊಂಡು ಅದೇ ಕಲ್ಲಿನಲ್ಲಿ ಇಳಿಸಿದ. ಈ ಕೆರೆಯಲ್ಲಿ ಮೀನು ಹಿಡಿಯಲು ಬರುವವರನ್ನು ಕರೆದೊಯ್ಯುವ ಅಂಬಿಗರು ಹದಿನೈದು ಇಪ್ಪತ್ತು ಮಂದಿ ಇದ್ದಾರೆ. ದೋಣಿಗೆ ಮೋಟಾರು ಬಂದಿದೆ, ಮೈಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ ಬಂದಿದೆ, ಹಿಡಿದ ಮೀನಿನ ಫೋಟೋ ತೆಗೆದು ನೀರಿಗೆ ಬಿಡುವ ಹೊಸ ರೂಢಿಯೂ ಬಂದಿದೆ. ಕಲ್ಲು ಮಾತ್ರ ಬದಲಾಗಿಲ್ಲ. ಕಾರಣ ಕೇಳಿದರೆ ಅಂಬಿಗರು ಕಲ್ಲಿನ ಕಡೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಕಲ್ಲು ಮಾತಾಡುವುದಿಲ್ಲ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಮುಗಿಲಗೆರೆ ಬೆಟ್ಟದ ನೆತ್ತಿಯ ಮೇಲಿನ ಕೆರೆ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಕೋಡಿ. ಗುಡ್ಡಗಳಿಂದ ಇಳಿದ ಹಳ್ಳಗಳ ನೀರೆಲ್ಲ ಇಲ್ಲಿ ನಿಲ್ಲುತ್ತದೆ. ಹೆಚ್ಚಾದದ್ದು ಕೋಡಿಯ ಮೇಲೆ ಹರಿದು ಹೋಗುತ್ತದೆ. ಕೋಡಿ ಎಂದರೆ ಅಡ್ಡಲಾಗಿ ಹಾಸಿದ ಒಂದೇ ಉದ್ದನೆಯ ಕರಿಕಲ್ಲು. ಅದನ್ನು ಯಾರು ಹಾಸಿದರು ಎಂಬುದು ಗೊತ್ತಿಲ್ಲ. ಅದರಾಚೆ ನೆಲವಿಲ್ಲ, ಕಣಿವೆ. ಮಳೆಗಾಲ ಕಳೆದ ಮೇಲೆ ಕೆರೆ ತುಂಬಿ ನಿಂತಾಗ ಕೋಡಿಯ ಮೇಲೆ ನೀರು ಕಣಕಾಲಿನಷ್ಟು ಹರಿಯುತ್ತದೆ. ನೋಡಲು ಸಣ್ಣದು, ಸೆಳೆತ ಸಣ್ಣದಲ್ಲ. ಕೋಡಿಗೆ ಎದುರು ದಡದಲ್ಲಿ ಒಂದು ಹಾಸುಬಂಡೆ ಅರ್ಧ ನೀರಿನಲ್ಲಿ, ಅರ್ಧ ದಂಡೆಯ ಮೇಲೆ ಎಮ್ಮೆ ಮಲಗಿದಂತೆ ಮಲಗಿದೆ. ಅದೇ ದೊರೆ ಇಳಿಯದ ಕಲ್ಲು. ಬೆಳಿಗ್ಗೆ ಹೋದರೆ ಅದರ ಮೇಲೆ ಅರ್ಧ ರಾಗಿರೊಟ್ಟಿ ಇಟ್ಟಿರುತ್ತಾರೆ. ಪ್ರವಾಸಿಗಳು ಅದನ್ನು ಕಾಗೆಗೆ ಹಾಕಿದ್ದು ಎಂದುಕೊಳ್ಳುತ್ತಾರೆ. ಕಾಗೆ ತಿನ್ನುವುದು ನಿಜ. ಇಟ್ಟಿರುವುದು ಕಾಗೆಗಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಬಿಲ್ಲದುರ್ಗದ ಹಾಲಪ್ಪ ನಾಯಕ ಎಂಬ ಪಾಳೆಯಗಾರ ಆಳುತ್ತಿದ್ದ. ಗಟ್ಟಿ ಮನುಷ್ಯ. ಕೆಟ್ಟವನಲ್ಲ ಎನ್ನುತ್ತಾರೆ, ಆಡಿದ್ದನ್ನು ಮಾಡದೆ ಬಿಡುವವನಲ್ಲ ಎಂದೂ ಎನ್ನುತ್ತಾರೆ. ಕೋಟೆಯ ಬಾಗಿಲು ಮುರಿದಾಗ, ಹೊಸ ಬಾಗಿಲು ಕೂರುವವರೆಗೆ ಕಾಲಿಗೆ ಕೆರ ಮೆಟ್ಟುವುದಿಲ್ಲ ಎಂದು ಯಾವುದೋ ಮಾತಿನ ಭರದಲ್ಲಿ ಅಂದುಬಿಟ್ಟಿದ್ದನಂತೆ. ಬಡಗಿ ಸೋಮಾರಿ. ನಾಯಕ ಒಂದು ಬೇಸಗೆ ಪೂರ್ತಿ ಕಾದ ಬಂಡೆಗಳ ಮೇಲೆ ಬರಿಗಾಲಿನಲ್ಲಿ ಓಡಾಡಿದ. ಬಡಗಿಯನ್ನು ಹೊಡೆಯಲಿಲ್ಲ, ಕೆರವನ್ನೂ ಮೆಟ್ಟಲಿಲ್ಲ. ಇಂಥವನು ಕೆರೆಯ ವಿಷಯದಲ್ಲಿ ಒಂದು ಮಾತು ಆಡಿದ. ಅಲ್ಲಿಂದ ಕಥೆ.

ಕೆರೆಯಲ್ಲಿ ಒಂದು ಹಳೆಯ ಬಿಳಿಮೀನು ಇತ್ತು. ಅಂಬಿಗರು ಅದನ್ನು ಅಜ್ಜಿ ಎಂದು ಕರೆಯುತ್ತಿದ್ದರು. ಅದರ ಗಾತ್ರದ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದನ್ನು ಬಿಡಿ. ಅದರ ಮೈಯ ಒಂದೊಂದು ಹುರುಪೆ ವೀಳ್ಯದೆಲೆಯಷ್ಟು ಅಗಲ ಎಂಬುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ನಾಯಕನ ಅಜ್ಜ, ಅಪ್ಪ ಇಬ್ಬರೂ ಮಳೆಗಾಲ ಮುಗಿದ ಮೇಲೆ ನೆಂಟರನ್ನು ಕಟ್ಟಿಕೊಂಡು ಈ ಕೆರೆಗೆ ಗಾಳದ ಬೇಟೆಗೆ ಬರುತ್ತಿದ್ದರು. ಅಂಬಿಗರು ಹರಿಗೋಲಿನಲ್ಲಿ ಅವರನ್ನು ಕೂರಿಸಿಕೊಂಡು ಮೀನು ಇರುವ ಕಡೆಗೆ ಒಯ್ಯುತ್ತಿದ್ದರು. ಅದೇ ಅವರ ಊಳಿಗ, ಅದರಿಂದಲೇ ಅವರಿಗೆ ಕೆರೆಯ ಹಕ್ಕು. ಅಜ್ಜಿ ಅಜ್ಜನ ಗಾಳ ಕಿತ್ತಿತ್ತು, ಅಪ್ಪನ ಗಾಳವನ್ನೂ ಕಿತ್ತಿತ್ತು. ಒಂದು ಹಬ್ಬದೂಟದಲ್ಲಿ ನೆರೆಯ ಪಾಳೆಯದಿಂದ ಬಂದ ಬೀಗನೊಬ್ಬ ಎಲೆಯ ಮುಂದೆ ಕುಳಿತು, "ನಿಮ್ಮ ಮನೆತನದ ಗಂಡಸರು ಮೂರು ತಲೆಮಾರಿಂದ ಒಬ್ಬ ಮುದುಕಿಯನ್ನು ನೀರಿನಿಂದ ಎತ್ತಲಾರದೆ ಇದ್ದಾರಂತೆ, ಹೌದೇ ನಾಯಕರೇ?" ಎಂದ. ಪಂಕ್ತಿ ನಕ್ಕಿತು. ನಾಯಕ ನಗಲಿಲ್ಲ. ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, "ದೀಪಾವಳಿಯ ಒಳಗೆ ಅದು ಗಾಳಕ್ಕೆ ಬಂದರೆ ಸರಿ. ಬರದಿದ್ದರೆ ಕೋಡಿ ಒಡೆದು, ಕೆರೆ ಬರಿದು ಮಾಡಿ, ಕೆಸರಿನಲ್ಲಿ ನಡೆದು ಹೋಗಿ ಎತ್ತುತ್ತೇನೆ" ಎಂದ. ಆಮೇಲೆ ಊಟ ಮುಂದುವರಿಸಿದ.

ಮಾತು ಬೆಟ್ಟ ಹತ್ತಿ ಅಂಬಿಗರ ಕೇರಿಗೆ ಬಂತು. ಕೇರಿಯ ಹಿರಿಯ ಭರಮಣ್ಣ ಅದನ್ನು ಕೇಳಿ ಜಗಲಿಯಿಂದ ಏಳಲಿಲ್ಲವಂತೆ. ಕೆರೆ ಹೋದರೆ ಕೇರಿಯೂ ಹೋದಂತೆ. ಗುಡ್ಡದ ಕಲ್ಲುನೆಲದಲ್ಲಿ ಬೆಳೆಯುವುದು ಏನೂ ಇಲ್ಲ. ಅಂಬಿಗರಿಗೆ ನೀರು ಬಿಟ್ಟು ಬೇರೆ ವಿದ್ಯೆಯೂ ಇಲ್ಲ. ನಾಯಕ ದೀಪಾವಳಿಯ ಹಿಂದಿನ ದಿನ ಬರುತ್ತಾನೆ, ಹಾರೆ ಹಿಡಿದ ಆಳುಗಳನ್ನೂ ಕರೆತರುತ್ತಾನೆ ಎಂಬ ಸುದ್ದಿ ಬಂದಿತು. ಆ ದಿನ ಅವನನ್ನು ಕರೆದೊಯ್ದವನು ಅಜ್ಜಿಯನ್ನು ಹಿಡಿಸಲೇಬೇಕು. ಹಿಡಿಸದಿದ್ದರೆ ಕೆರೆ ಹೋದದ್ದು ಅವನಿಂದ ಎಂದು ಮಕ್ಕಳು ಮೊಮ್ಮಕ್ಕಳವರೆಗೂ ಮಾತು ನಿಲ್ಲುತ್ತದೆ. ಯಾರು ಹುಟ್ಟು ಹಿಡಿಯುತ್ತಾರೆ? ಆ ಬೆಳಿಗ್ಗೆ ಕೇರಿಯ ಗಂಡಸರಿಗೆಲ್ಲ ಒಟ್ಟಿಗೆ ಜ್ವರ ಬಂತು. ಭರಮಣ್ಣನ ಮಗ ಹುಲುಗಪ್ಪನಿಗೂ ಬಂತು. ಅವನೇ ಕೇರಿಯಲ್ಲಿ ಒಳ್ಳೆಯ ಅಂಬಿಗ. ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಅವನ ಹೆಂಡತಿ ಜಕ್ಕವ್ವ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು.

"ಜ್ವರ ಒಳಗೆ ಐತೆ" ಎಂದ ಹುಲುಗಪ್ಪ.

"ಇರ್ಲಿ ಬಿಡು. ಅದು ಹೊರಗೆ ಬರೋವರೆಗೂ ಹುಟ್ಟು ನನ್ನ ಹತ್ರ ಇರ್ಲಿ" ಎಂದು ಮೂಲೆಯಲ್ಲಿದ್ದ ಹುಟ್ಟನ್ನು ತೆಗೆದುಕೊಂಡಳು.

ಜಕ್ಕವ್ವ ಕೆರೆಯ ದಡದಲ್ಲೇ ಹುಟ್ಟಿ ಬೆಳೆದವಳು. ಗಂಡನ ಜೊತೆ ಬಲೆಗೆ ಹೋಗುತ್ತಿದ್ದಳು, ಗಂಡ ಊರಿಗೆ ಹೋದಾಗ ಒಬ್ಬಳೇ ಹೋಗುತ್ತಿದ್ದಳು. ಬೇಟೆಗೆ ಬಂದವರನ್ನು ಮಾತ್ರ ಅದುವರೆಗೆ ಯಾವ ಹೆಂಗಸೂ ಕರೆದೊಯ್ದಿರಲಿಲ್ಲ. ಭರಮಣ್ಣ ಬೇಡ ಎಂದ. ಅವಳು ಹಿಟ್ಟು ನಾದಿ ಒಂದು ರೊಟ್ಟಿ ತಟ್ಟಿದಳು. ಮುದುಕನಿಗೆ ಆಗ ನಿಜವಾದ ಭಯ ಹತ್ತಿತು. ರೊಟ್ಟಿ ಏಕೆಂದು ಅವನಿಗೆ ತಿಳಿದಿತ್ತು.

ಅಂಬಿಗರಲ್ಲಿ ಒಂದು ಪದ್ಧತಿ ಇತ್ತು, ಇಂದಿಗೂ ಇದೆ. ಹೊರಗಿನವರನ್ನು ನೀರಿಗೆ ಒಯ್ಯುವ ಮೊದಲು ಆ ಹಾಸುಬಂಡೆಯ ಮೇಲೆ ನಿಂತು ಒಂದು ರೊಟ್ಟಿಯನ್ನು ಎರಡು ಮಾಡುತ್ತಾರೆ. ಅರ್ಧವನ್ನು ಅಂಬಿಗ ಮತ್ತು ಬಂದವನು ಹಂಚಿಕೊಂಡು ತಿನ್ನುತ್ತಾರೆ, ಉಳಿದ ಅರ್ಧ ಕಲ್ಲಿನ ಮೇಲೆ ಇರುತ್ತದೆ. ಅದು ಮರಳಿ ಬಂದು ಇಳಿದ ಮೇಲೆ ತಿನ್ನುವುದಕ್ಕೆ. ಅಂಬಿಗ, "ಇಲ್ಲಿ ಹತ್ತಿಸಿಕೊಂಡೆ, ಇಲ್ಲೇ ಇಳಿಸುತ್ತೇನೆ. ಇಳಿಯುವವರೆಗೆ ನೀರಿನ ಮೇಲೆ ನನ್ನ ಮಾತು" ಎನ್ನುತ್ತಾನೆ. ಬಂದವನು, "ಇಳಿಯುವವರೆಗೆ ನಿನ್ನ ಮಾತು" ಎನ್ನಬೇಕು. ಅಷ್ಟೇ. ನೀರಿನಲ್ಲಿ ಒಂದು ದೋಣಿಗೆ ಎರಡು ನಾಲಿಗೆ ಇರಬಾರದು ಎಂದು ಹಿರಿಯರು ಮಾಡಿದ್ದು. ಆದರೆ ಇದನ್ನು ದೊರೆಗಳಿಗೆ ಯಾರೂ ಹೇಳಿಸಿರಲಿಲ್ಲ. ನಾಯಕನ ಅಜ್ಜನಿಗೆ ಹೇಳಿಸಲಿಲ್ಲ, ಅಪ್ಪನಿಗೂ ಇಲ್ಲ. ದೊರೆಯ ಬಾಯಲ್ಲಿ "ನಿನ್ನ ಮಾತು" ಎಂದು ಹೇಳಿಸುವ ಅಂಬಿಗ ಹುಟ್ಟಿರಲಿಲ್ಲ. ಆ ಇಬ್ಬರು ಬಂದಾಗ ರೊಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದರು.

"ಬ್ಯಾಡ ಕಣವ್ವಾ" ಎಂದ ಭರಮಣ್ಣ. "ಆ ಮಾತು ಅವರಿಗೆ ಅಲ್ಲ."

"ನೀರು ಅವರಿಗೆ ಬ್ಯಾರೆ ಐತಾ ಮಾವ?" ಎಂದು ಕೇಳಿ ಅವಳು ಕಲ್ಲಿನ ಕಡೆ ನಡೆದಳು.

ನಾಯಕ ಬಿಸಿಲೇರುವ ಮುಂಚೆ ಬಂದ. ಹಾರೆಯ ಆಳುಗಳನ್ನು ಕೋಡಿಯ ಪಕ್ಕದ ದಿಣ್ಣೆಯ ಮೇಲೆ ನಿಲ್ಲಿಸಿ, ತಾನು ಹಾಸುಬಂಡೆಗೆ ಬಂದ. ಅಲ್ಲಿ ಹೆಂಗಸೊಬ್ಬಳು ಹುಟ್ಟು ಹಿಡಿದು ನಿಂತಿದ್ದಳು. ಗಂಡಸರು ಎಲ್ಲಿ ಎಂದು ಕೇಳಿದ. ಜ್ವರ ಎಂದಳು. ಎಲ್ಲರಿಗೂ? ಎಂದ. "ನಿಮ್ಮ ಹಾರೆ ನೋಡಿ ಬಂದ ಜ್ವರ ಬುದ್ಧಿ, ಅದು ಎಲ್ಲರಿಗೂ ಬರ್ತದೆ" ಎಂದಳು. ನಾಯಕನ ಹಿಂದಿದ್ದ ದಳವಾಯಿ ಕೆಮ್ಮಿದ. ಅವಳು ರೊಟ್ಟಿ ಮುರಿದಳು. ಅರ್ಧವನ್ನು ಕಲ್ಲಿನ ಮೇಲಿಟ್ಟು, ಇನ್ನರ್ಧದಲ್ಲಿ ಒಂದು ಚೂರನ್ನು ನಾಯಕನ ಮುಂದೆ ಹಿಡಿದು ಪದ್ಧತಿಯ ಮಾತು ಹೇಳಿದಳು. "ನಾನು ಇದಕ್ಕೆ ಒಪ್ಪದಿದ್ದರೆ?" ಎಂದ ನಾಯಕ. "ಹರಿಗೋಲು ಅಲ್ಲೈತೆ, ಹುಟ್ಟು ಇಲ್ಲೈತೆ. ನೀವೇ ಹೋಗಿ ಬರ್ರಿ" ಎಂದಳು. ಹರಿಗೋಲು ಎಂದರೆ ತೊಗಲು ಹೊದಿಸಿದ ಬಿದಿರಿನ ಬುಟ್ಟಿ. ಬಾರದವನು ಹುಟ್ಟು ಹಾಕಿದರೆ ಇದ್ದಲ್ಲೇ ಬುಗುರಿಯಂತೆ ತಿರುಗುತ್ತದೆ. ನಾಯಕನಿಗೆ ಅದು ಗೊತ್ತಿತ್ತು. ಚೂರನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡು, "ಇಳಿಯುವವರೆಗೆ ನಿನ್ನ ಮಾತು" ಎಂದ. ನಗುತ್ತಲೇ ಅಂದನಂತೆ. ಅಂದದ್ದು ಮಾತ್ರ ದಡದಲ್ಲಿದ್ದ ಎಲ್ಲರ ಕಿವಿಗೂ ಬಿತ್ತು.

ಹರಿಗೋಲು ನಡುನೀರಿಗೆ ಹೋಯಿತು. ಜಕ್ಕವ್ವ ನಿಂಬೆಗಾತ್ರದ ರಾಗಿಮುದ್ದೆಯನ್ನು ಗಾಳಕ್ಕೆ ಮೆತ್ತಿ ಕೊಟ್ಟಳು. ಗಾಳದ ಹುರಿ ಕತ್ತಾಳೆ ನಾರಿನದು, ಜೇನುಮೇಣ ತಿಕ್ಕಿದ್ದು. ಅದನ್ನು ಬುಟ್ಟಿಯಲ್ಲಿ ಸಡಿಲವಾಗಿ ಸುರುಳಿ ಮಾಡಿ ಇಟ್ಟಿರುತ್ತಾರೆ, ಮೀನು ಎಳೆದಾಗ ಸರಾಗವಾಗಿ ಬಿಚ್ಚಿಕೊಂಡು ಹೋಗಲಿ ಎಂದು. ನಾಯಕ ಅದನ್ನು ಮುಂಗೈಗೆ ಸುತ್ತಿಕೊಂಡ. "ಕೈಗೆ ಸುತ್ತಬ್ಯಾಡ್ರಿ ದೊರೆ" ಎಂದಳು. ನಾಯಕ ಹುಬ್ಬು ಗಂಟಿಕ್ಕಿದ. ಕೊಟ್ಟ ಮಾತು ನೆನಪಾಗಿ ಬಿಚ್ಚಿದ. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ನೆತ್ತಿಗೆ ಬಂತು. ನಾಯಕ ಮಾತಿಗೆಳೆಯಲು ನೋಡಿದ. "ನಿನ್ನ ಗಂಡ ನಿನಗೆ ಹೆದರುತ್ತಾನೇನೇ?" ಎಂದು ಕೇಳಿದ. "ಇಲ್ಲ ಬುದ್ಧಿ. ಅವನು ನಿಮಗೆ ಹೆದರ್ತಾನೆ. ನನಗೆ ಹೆದರಿದ್ರೆ ಇವತ್ತು ಇಲ್ಲಿರ್ತಿದ್ದ" ಎಂದಳು. ಇಬ್ಬರೂ ಬೇಸರವಿಲ್ಲದೆ ಕಾಯಬಲ್ಲವರು. ಗಾಳದ ಬೇಟೆಯಲ್ಲಿ ಮುಕ್ಕಾಲು ಪಾಲು ಅದೇ.

ಹಸು ಮೂಸಿದಂತೆ ಹುರಿ ಒಮ್ಮೆ ಅಲುಗಿತು. ಆಮೇಲೆ ಬುಟ್ಟಿಯಿಂದ ಸರಸರನೆ ಹೊರಡತೊಡಗಿತು. ಅಜ್ಜಿಯೇ. ದೂರದಲ್ಲಿ ಒಮ್ಮೆ ಅದರ ಬೆನ್ನು ನೀರಿನ ಮೇಲೆ ಉರುಳಿದ್ದನ್ನು ದಡದವರೂ ನೋಡಿದರು. ಹುರಿ ಮುಗಿಯುತ್ತ ಬಂತು. ಹಾಗೆ ಮುಗಿಯುವ ಹೊತ್ತಿಗೆ ಹುರಿಯ ತುದಿಯ ಮರದ ತುಂಡನ್ನು ನೀರಿಗೆ ಎಸೆದುಬಿಡುವುದು ವಾಡಿಕೆ. ಮೀನು ಅದನ್ನು ಎಳೆದಾಡಿ ದಣಿಯುತ್ತದೆ, ಮರದ ತುಂಡು ಎಲ್ಲಿ ತೇಲುತ್ತದೆಂದು ನೋಡಿ ಹಿಂಬಾಲಿಸಬಹುದು. "ಬಿಡ್ರಿ" ಎಂದಳು ಜಕ್ಕವ್ವ. ನಾಯಕ ಬಿಡಲಿಲ್ಲ. ಮೂರು ತಲೆಮಾರಿನ ಮೀನು ಅವನ ಕೈಯಲ್ಲಿತ್ತು. ಹುರಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಹರಿಗೋಲಿನ ಅಂಚಿಗೆ ಮೊಣಕಾಲು ಒತ್ತಿ ಕುಳಿತ. ಹರಿಗೋಲು ಮೀನಿನ ಹಿಂದೆ ಹೊರಟಿತು. ಹುಟ್ಟಿನ ಮಾತನ್ನು ಅದು ಕೇಳಲಿಲ್ಲ.

ಅಜ್ಜಿ ಕೋಡಿಯ ಕಡೆ ಓಡಿತು. ಹಳೆಯ ಮೀನು, ಸೆಳೆತ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದೇ ಇರುತ್ತದೆಯೇ. ನೀರು ಮೊದಲು ನುಣ್ಣಗಾಯಿತು, ಆಮೇಲೆ ಜಾರತೊಡಗಿತು. ಹರಿಗೋಲು ಈಗ ಮೀನು ಎಳೆದು ಮಾತ್ರವಲ್ಲ, ನೀರು ಎಳೆದೂ ಹೋಗುತ್ತಿತ್ತು. "ಬಿಡ್ರಿ ದೊರೆ!" ಎಂದು ಅವಳು ಎರಡನೆಯ ಸಲ ಕೂಗಿದಳು. ಬಿಡಬೇಕೆಂದರೂ ನಾಯಕನಿಂದ ಆಗುತ್ತಿರಲಿಲ್ಲ, ಹುರಿ ಮುಂಗೈಯ ಮಾಂಸಕ್ಕೆ ಇಳಿದಿತ್ತು. ಆದರೆ ಅವನಿಗೆ ಬಿಡಬೇಕೆಂದೂ ಇರಲಿಲ್ಲ. ಅವನ ರುಮಾಲು ಬಿಚ್ಚಿ ನೀರಿಗೆ ಬಿತ್ತು. ಹರಿಗೋಲಿಗಿಂತ ಮುಂದೆ ತೇಲಿ ಹೋಗಿ, ಕೋಡಿಯ ಅಂಚಿನಲ್ಲಿ ಒಮ್ಮೆ ಬಿಚ್ಚಿಕೊಂಡು, ಆಚೆ ಇಳಿಯಿತು. ಬಿದ್ದ ಸದ್ದೂ ಕೇಳಲಿಲ್ಲ. ಅಷ್ಟು ಆಳ. ಜಕ್ಕವ್ವ ಹುಟ್ಟನ್ನು ಕಾಲಲ್ಲಿ ಅದುಮಿ ಹಿಡಿದು ಸೊಂಟದ ಕುಡುಗೋಲು ತೆಗೆದಳು. ಆ ಮೀನು ಹೋದರೆ ಕೆರೆ ಹೋಗುತ್ತದೆ ಎಂಬುದು ಅವಳಿಗೆ ಮರೆತಿರಲಿಲ್ಲ. ಕಲ್ಲಿನ ಮೇಲೆ ಅರ್ಧ ರೊಟ್ಟಿ ಇಟ್ಟು ಬಂದದ್ದೂ ಮರೆತಿರಲಿಲ್ಲ. ಇಳಿಸುತ್ತೇನೆ ಎಂದವಳು ಇಳಿಸಬೇಕು. ಹುರಿ ಕೊಯ್ದಳು.

ಹರಿಗೋಲು ಗಿರ್ರನೆ ತಿರುಗಿತು. ಅವಳು ಹುಟ್ಟನ್ನು ಕೋಡಿಯ ತುದಿಯ ಬಂಡೆಯ ಸಂದಿಗೆ ತುರುಕಿ ಅದನ್ನೇ ಗೂಟ ಮಾಡಿ ಹರಿಗೋಲನ್ನು ನಿಲ್ಲಿಸಿದಳು. ಕೋಡಿಯ ಕಲ್ಲು ಒಂದು ಮಾರು ದೂರದಲ್ಲಿತ್ತು. ನಾಯಕ ಎದ್ದು ನಿಂತ. ಕೈಯಿಂದ ರಕ್ತ ಇಳಿಯುತ್ತಿತ್ತು. "ಇಳೀಬ್ಯಾಡ್ರಿ" ಎಂದು ಅವಳು ಹೇಳುವಷ್ಟರಲ್ಲಿ ಬಂಡೆಗೆ ಹಾರಿ, ಬಂಡೆಯಿಂದ ಕೋಡಿಯ ಕಲ್ಲಿನ ಮೇಲೆ ಹೋಗಿ, ಕಣಕಾಲು ನೀರಿನಲ್ಲಿ ನಿಂತು ದಿಣ್ಣೆಯ ಕಡೆ ಕೂಗಿದ: "ಒಡೀರೋ!"

ಆಳುಗಳು ಇಳಿದು ಬಂದರು. ಮುಂದಿದ್ದವನು ಕೋಡಿಯ ಕಲ್ಲಿನ ಮೇಲೆ ಹಾರೆ ಎತ್ತಿ ಹಾಕಿದ. ಕಲ್ಲು ಕಿಡಿ ಕಾರಿತು. ಇನ್ನೊಂದು ಏಟು ಹಾಕಿದ. ಮತ್ತೊಂದು ಹಾಕಿದ. ಎದುರು ದಡದಲ್ಲಿ ಕೇರಿಯ ಹೆಂಗಸರು ಬಾಯಿ ಬಡಿದುಕೊಂಡರು. ಜ್ವರದವರೆಲ್ಲ ಎದ್ದು ಬಂದು ನಿಂತಿದ್ದರು.

"ಹಾರೆ ಇಳಿಸ್ರಿ" ಎಂದಳು ಜಕ್ಕವ್ವ.

ಆಳು ಹಾರೆಯನ್ನು ಮೇಲೆತ್ತಿದವನು ಹಾಗೆಯೇ ನಿಂತ. ಅವಳನ್ನೊಮ್ಮೆ, ನಾಯಕನನ್ನೊಮ್ಮೆ ನೋಡಿದ. "ಬುದ್ಧಿ, ಯಾರ ಮಾತು ಕೇಳ್ಬೇಕು?" ಎಂದ.

"ನನ್ನದು, ಕತ್ತೆ!" ಎಂದ ನಾಯಕ.

"ಅಲ್ಲ" ಎಂದಳು ಜಕ್ಕವ್ವ. "ದೊರೆ, ನಿಮ್ಮ ಕಾಲು ಇನ್ನೂ ನೀರಾಗೈತೆ. ಹತ್ತಿದ್ದು ಅಲ್ಲಿ, ಇಳೀಬೇಕಾದ್ದೂ ಅಲ್ಲಿ. ನಿಮ್ಮ ಪಾಲಿನ ರೊಟ್ಟಿ ಇನ್ನೂ ಕಲ್ಲಿನ ಮ್ಯಾಲೈತೆ. ಇಳಿಯೋವರೆಗೆ ನೀರಿನ ಮ್ಯಾಲೆ ಯಾರ ಮಾತು ಅಂದ್ರಿ? ಹುರಿ ಬಿಡ್ರಿ ಅಂದೆ, ಬಿಡ್ಲಿಲ್ಲ. ಒಂದು ಸಲ ಮೀರಿದ್ರಿ. ಇಳೀಬ್ಯಾಡ್ರಿ ಅಂದೆ, ಹಾರಿದ್ರಿ. ಎರಡು ಸಲ ಆತು. ಮೂರನೇ ಸಲಾನೂ ಮೀರ್ತೀನಿ ಅಂದ್ರೆ ಹೇಳ್ರಿ, ಹುಟ್ಟು ಎತ್ತಿಬಿಡ್ತೀನಿ. ಕೋಡಿ ಒಡಿಯೋ ಮೊದಲು ನಾನು ಆಚೆ ಇರ್ತೀನಿ."

ಅವಳು ಹುಟ್ಟಿನ ಮೇಲಿನ ಒಂದು ಕೈ ತೆಗೆದಳು. ಹರಿಗೋಲು ಒಂದು ಗೇಣು ಜಾರಿತು.

ನಾಯಕನಿಗೆ ತನ್ನ ಮುಂಗೈ ಕಂಡಿತು. ಹುರಿ ಕೊಯ್ದ ಎರಡು ಸುತ್ತು ಬಳೆಯಂತೆ ಕೆಂಪಗೆ ಕುಳಿತಿದ್ದವು. ರುಮಾಲು ಹೋದ ದಾರಿ ಕಾಲ ಕೆಳಗೇ ಇತ್ತು. ಬಡಗಿ ಬಾಗಿಲು ಕೂರಿಸುವವರೆಗೆ ಕೆರ ಮೆಟ್ಟದವನು ಒಂದೇ ಮಧ್ಯಾಹ್ನದಲ್ಲಿ ಆಡಿದ ಮಾತನ್ನು ಎರಡು ಸಲ ಮುರಿದಿದ್ದ. ಆಳಿಗೆ ಹಾರೆ ಇಳಿಸಲು ಕೈ ಸನ್ನೆ ಮಾಡಿದ. ಆಮೇಲೆ ಕೇಳಿದ: "ಆ ಕಲ್ಲಿನಲ್ಲಿ ಇಳಿದ ಮೇಲೆ?"

"ಇಳಿದ ಮ್ಯಾಲೆ ನನ್ನ ಮಾತು ಮುಗೀತು. ನಿಮ್ಮ ಮಾತು ನಿಮಗೆ."

"ಆಗ ಕೋಡಿ ಒಡೆಸಬಹುದು?"

"ಒಡೆಸಬಹುದು" ಎಂದಳು. ಸುಳ್ಳು ಹೇಳಲಿಲ್ಲ. "ಬರ್ರಿ, ಕೂರ್ರಿ. ಇಳಿಸ್ತೀನಿ."

ನಾಯಕ ಬಂದು ಕುಳಿತ. ಜಕ್ಕವ್ವ ಹುಟ್ಟನ್ನು ಸಂದಿಯಿಂದ ಕಿತ್ತು, ಅದನ್ನು ದಂಡೆಯ ಬಂಡೆಗಳಿಗೆ ಒಂದೊಂದಾಗಿ ಒತ್ತಿ ಹರಿಗೋಲನ್ನು ಸೆಳೆತದಿಂದ ಹೊರತಂದಳು. ಆಮೇಲೆ ಹುಟ್ಟು ಹಾಕತೊಡಗಿದಳು. ಎದುರು ದಡದವರಿಗೆ ಕಂಡದ್ದು ಇಷ್ಟು: ತಲೆಗೆ ರುಮಾಲಿಲ್ಲದ ದೊರೆ, ಹುಟ್ಟು ಹಾಕುತ್ತಿರುವ ಹೆಂಗಸು, ಇಬ್ಬರೂ ಕೆರೆಯ ಉದ್ದಕ್ಕೂ ಬರುತ್ತಿದ್ದಾರೆ. ಇದ್ದೊಂದು ಕೆರೆಯನ್ನು ತಾನೇ ಒಂದೊಂದು ಹುಟ್ಟಿಗೂ ಕಳೆದುಕೊಳ್ಳುತ್ತ ಅವಳು ಬರುತ್ತಿದ್ದಾಳೆ ಎಂದು ಭರಮಣ್ಣನಿಗೆ ಅನ್ನಿಸಿತಂತೆ. ನಿಧಾನಿಸಲಿಲ್ಲ. ಸುತ್ತು ಹಾಕಲಿಲ್ಲ. ನೇರವಾಗಿ ತಂದಳು. ಹರಿಗೋಲಿನಲ್ಲಿ ನಡೆದ ಒಂದೇ ಮಾತನ್ನು ಅವಳು ಆಮೇಲೆ ಹೇಳಿದ್ದು ಕೇರಿಯಲ್ಲಿ ಉಳಿದಿದೆ. "ನೀನು ಕೊಯ್ಯದಿದ್ದರೆ?" ಎಂದು ನಾಯಕ ಕೇಳಿದ. "ನಿಮ್ಮ ರುಮಾಲಿಗೆ ತಲೆ ಸಿಗ್ತಿತ್ತು" ಎಂದಳು.

ಹರಿಗೋಲು ಹಾಸುಬಂಡೆಗೆ ತಾಗಿತು. ಅರ್ಧ ರೊಟ್ಟಿ ಅಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಜಕ್ಕವ್ವ ಹುಟ್ಟನ್ನು ಅಡ್ಡ ಹಿಡಿದು, "ಇಳೀರಿ ದೊರೆ" ಎಂದಳು.

ನಾಯಕ ಏಳಲಿಲ್ಲ. ಬಂಡೆಯನ್ನು ನೋಡಿದ, ರೊಟ್ಟಿಯನ್ನು ನೋಡಿದ. ಹಿಂತಿರುಗಿ ಕೋಡಿಯ ಮೇಲೆ ಹಾರೆ ಹಿಡಿದು ಕಾಯುತ್ತಿದ್ದವರನ್ನು ನೋಡಿದ. ಇಳಿದರೆ ಪಂಕ್ತಿಯಲ್ಲಿ ಆಡಿದ ಮಾತು ನಡೆಸಬೇಕು. ನಡೆಸದೆ ಇರುವುದು ಅವನಿಗೆ ಬಾರದು.

"ನನ್ನನ್ನು ಆ ಕಡೆಯ ದಂಡೆಗೆ ಬಿಡು" ಎಂದ ಕೊನೆಗೆ.

"ಬ್ಯಾರೆ ಕಡೆ ಬಿಡೋ ಪದ್ಧತಿ ಇಲ್ಲ ಬುದ್ಧಿ."

"ಗೊತ್ತು" ಎಂದು ನಾಯಕ ಹರಿಗೋಲಿನ ಆಚೆಯ ಮಗ್ಗುಲಿನಿಂದ ಕೆರೆಗೆ ಧುಮುಕಿದ.

ಅಲ್ಲಿ ನೀರು ಕುತ್ತಿಗೆಯ ಮಟ್ಟ ಇದೆ. ಬಿಲ್ಲದುರ್ಗದ ದೊರೆ ಕುತ್ತಿಗೆಯವರೆಗೆ ಮುಳುಗಿ, ಕೆಸರಿನಲ್ಲಿ ಕಾಲು ಹೂತು ಕೀಳುತ್ತ, ಬಂಡೆಯನ್ನು ಬಳಸಿ, ಜೊಂಡು ಬೆಳೆದ ಕಡೆ ದಡ ಹತ್ತಿದ. ಕೈ ಕೊಡಲು ಓಡಿದ ದಳವಾಯಿಯನ್ನು ತಡೆದ. ಮೈಯಿಂದ ನೀರು ಇಳಿಯುತ್ತಿರುವಂತೆಯೇ ಎಲ್ಲರಿಗೂ ಕೇಳುವ ಹಾಗೆ ಅಪ್ಪಣೆ ಕೊಟ್ಟ: "ನಾನು ಇನ್ನೂ ಇಳಿದಿಲ್ಲ. ಈ ಕಲ್ಲಿನ ಮೇಲೆ ನಾನು ಇಳಿದ ದಿನ ಕೋಡಿ ಒಡೆಯಿರಿ. ನಾನಿಲ್ಲದಿದ್ದರೆ ನನ್ನ ವಂಶದವನು ಇಳಿದ ದಿನ ಒಡೆಯಿರಿ. ಅಲ್ಲಿಯವರೆಗೆ ನೀರಿನ ಮೇಲೆ ಈಕೆಯ ಮಾತು." ಕುದುರೆ ಹತ್ತಿ ಹೋದ. ಮುಂದೆ ಊಟದ ಪಂಕ್ತಿಯಲ್ಲಿ ಆ ಬೀಗ ಮತ್ತೆ ಮುದುಕಿಯ ಮಾತೆತ್ತಿದಾಗ, "ಬೇಟೆ ಇನ್ನೂ ಮುಗಿದಿಲ್ಲ" ಎಂದನಂತೆ, ಅಷ್ಟೇ.

ಹುಲುಗಪ್ಪನ ಜ್ವರ ಅದೇ ಸಂಜೆ ಇಳಿಯಿತು. ಹುಟ್ಟು ಅವನಿಗೆ ಮರಳಿ ಸಿಗಲಿಲ್ಲ. ಜಕ್ಕವ್ವ ಕೈ ನಡೆಯುವವರೆಗೂ ಬೇಟೆಗೆ ಬಂದವರನ್ನು ಕರೆದೊಯ್ದಳು. ಆಮೇಲೆ ಅವಳ ಸೊಸೆ ಕರೆದೊಯ್ದಳು. ದೊರೆಗಳಿರಲಿ, ದೊರೆಗಳ ಮೇಲಿನವರಿರಲಿ, ಪದ್ಧತಿಯ ಮಾತು ಹೇಳದೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಅಜ್ಜಿ ಆ ಗಾಳವನ್ನು ಬಾಯಲ್ಲಿಟ್ಟುಕೊಂಡೇ ಬಹುಕಾಲ ಬದುಕಿತ್ತು ಎನ್ನುತ್ತಾರೆ. ಇನ್ನೂ ಇದೆ ಎನ್ನುವವರೂ ಇದ್ದಾರೆ. ಅವರು ಹೋಟೆಲಿನವರು.

ಹಾಲಪ್ಪ ನಾಯಕ ಮುದುಕನಾಗಿ ಸತ್ತ. ಮತ್ತೆ ಹರಿಗೋಲು ಹತ್ತಲಿಲ್ಲ. ಆದರೆ ಪ್ರತಿ ವರ್ಷ ದೀಪಾವಳಿಯ ಹಿಂದಿನ ದಿನ ಬಂದು, ಜೊಂಡಿನ ಕಡೆ ನಿಂತು ಕೆರೆ ನೋಡಿ ಹೋಗುತ್ತಿದ್ದ. ಅವನ ಮನೆತನದವರು ಈಗ ಕೆಳಗಿನ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಅವರೂ ಬರುತ್ತಾರೆ. ಮಕ್ಕಳು ದೋಣಿಗೆ ಹಟ ಮಾಡುತ್ತವೆ, ದೊಡ್ಡವರು ಹತ್ತಿಸುವುದಿಲ್ಲ. ಪರಸಪ್ಪ ಅವರನ್ನು ಕಂಡರೆ ಮರ್ಯಾದೆಯಿಂದ ಮಾತಾಡಿಸುತ್ತಾನೆ, ಕಾಲು ಮಾತ್ರ ಎಲ್ಲಿಡುತ್ತಾರೆ ಎಂದು ನೋಡುತ್ತಿರುತ್ತಾನೆ. ಅಪ್ಪಣೆಯನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ರೊಟ್ಟಿಯ ಅರ್ಧವನ್ನು ದಿನವೂ ಇಡುತ್ತಾರೆ, ಅದು ಇನ್ನೂ ಇಳಿಯದ ನಾಯಕನ ಪಾಲು. ಮೀನಿಗೆ ಬಂದವರು ಅದನ್ನು ನೋಡಬಹುದು. ಬೇಸಗೆಯಲ್ಲಿ ನೀರು ಇಳಿದಾಗ ಬಂದರೆ ಕೋಡಿಯವರೆಗೂ ನಡೆದು ಹೋಗಬಹುದು. ಅಲ್ಲಿ ಕರಿಕಲ್ಲಿನ ಮೇಲೆ ಹಾರೆಯ ಏಟಿನ ಗುರುತು ಮೂರು ಇವೆ. ನಾಲ್ಕನೆಯದು ಇಲ್ಲ.